ಟೈರಿಗೆ ಅಂಟದ ಕುಂಕುಮ

ನಮ್ಮ ಗ್ಯಾರೇಜಿನ ಮೇಲಿನ ಹಲಗೆಯಲ್ಲಿ ಒಂದು ಕಪ್ಪು ಡಬ್ಬಿ ಇದೆ. ಅದರ ಮೇಲೆ ಮಿರಮಿರ ಮಿಂಚುವ ಚಕ್ರವೊಂದರ ಚಿತ್ರ. ಕಾರಿನ ಟೈರಿಗೆ ಹಚ್ಚುವ ಪಾಲಿಶ್ ಅದು. ಮೊನ್ನೆ ಭಾನುವಾರ ಗ್ಯಾರೇಜು ಗುಡಿಸಲು ಹೋದವಳು ಅದನ್ನು ಕೆಳಗಿಳಿಸಿ ಅಲ್ಲಾಡಿಸಿ ನೋಡಿದೆ. ಇನ್ನೂ ಅರ್ಧಕ್ಕಿಂತ ಹೆಚ್ಚೇ ಇದೆ. ಮಗಳು, "ಜಸ್ಟ್ ಥ್ರೋ ಇಟ್ ಔಟ್, ಅಮ್ಮಾ" ಎಂದಳು. ನಮ್ಮವರು ಏನೂ ಕೇಳಿಸದವರಂತೆ ಹುಲ್ಲು ಕತ್ತರಿಸುವ ಮಿಷನ್ನಿನ ಕೆಳಗೆ ಬಗ್ಗಿ ಏನನ್ನೋ ಹುಡುಕತೊಡಗಿದರು. ನಾನು ಡಬ್ಬಿಯ ಧೂಳು ಒರೆಸಿ ಮತ್ತೆ ಅದೇ ಜಾಗದಲ್ಲಿ ಇಟ್ಟೆ. ಈ ಡಬ್ಬಿಗೂ ನನಗೂ ಒಂದು ಹಳೆಯ ವ್ಯಾಜ್ಯವಿದೆ. ವ್ಯಾಜ್ಯ ಮುಗಿದು ಕೆಲವು ವರ್ಷಗಳಾದವು. ಆದರೂ ಸೋತ ಎದುರಾಳಿಯನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವುದರಲ್ಲಿ ಒಂದು ಸುಖವಿರುತ್ತದೆ, ನೋಡಿ.

ಹಾಗೆ ನೋಡಿದರೆ ಟೈರು ನನಗೆ ಹೊಸದೇನಲ್ಲ. ತುಮಕೂರಿನ ನಮ್ಮ ಗಲ್ಲಿಯಲ್ಲಿ ಸೈಕಲ್ಲಿನ ಹಳೇ ಟೈರನ್ನು ಕೋಲಿನಿಂದ ಹೊಡೆಯುತ್ತ ಓಡಿಸುವ ಆಟದಲ್ಲಿ ನನ್ನದು ಎತ್ತಿದ ಕೈ. ಅಣ್ಣನ ಟೈರು ಮೋರಿಗೆ ಬೀಳುತ್ತಿತ್ತು. ನನ್ನದು ಹಾಲಿನ ಬೂತಿನ ತನಕ ಹೋಗಿ, ತಿರುಗಿ, ಮನೆ ಬಾಗಿಲಿಗೆ ಬರುತ್ತಿತ್ತು. ಟೈರು ಎತ್ತ ವಾಲುತ್ತದೆ ಎಂಬುದು ಅದು ವಾಲುವ ಮೊದಲೇ ಕೈಗೆ ಗೊತ್ತಾಗುತ್ತದೆ, ಕೋಲಿನ ತುದಿಯಲ್ಲಿ ಒಂದು ಸಣ್ಣ ನಡುಕ ಬರುತ್ತದೆ. ಮಳೆ ಬಂದು ಗಲ್ಲಿ ಕೆಸರಾದಾಗ ಟೈರಿನ ಗೀರುಗಳೊಳಗೆ ಮಣ್ಣು ತುಂಬಿಕೊಂಡು ಅದು ನುಣ್ಣಗಾಗಿಬಿಡುತ್ತಿತ್ತು. ಎರಡು ಮಾರು ಹೋಗುವುದರಲ್ಲಿ ಜಾರಿ ಮಲಗುತ್ತಿತ್ತು. ಆಗ ಪೊರಕೆ ಕಡ್ಡಿಯಿಂದ ಆ ಮಣ್ಣನ್ನು ಕೆರೆದು ತೆಗೆಯುತ್ತ ಜಗಲಿಯ ಮೇಲೆ ಕೂರುತ್ತಿದ್ದೆ. ಅಮ್ಮ ಒಳಗಿನಿಂದ, "ಆ ಕೊಳಕು ಟೈರಿಗೆ ಮಾಡೋ ಸೇವೇಲಿ ಅರ್ಧದಷ್ಟು ನಿನ್ನ ತಲೆಗೆ ಮಾಡ್ಕೊಂಡ್ರೆ ಹೇನಾದ್ರೂ ಹೋಗ್ತಿತ್ತು" ಎನ್ನುತ್ತಿದ್ದಳು. ಇಷ್ಟೆಲ್ಲ ಅನುಭವವಿದ್ದ ನಾನು ದೊಡ್ಡವಳಾದ ಮೇಲೆ ಟೈರಿನ ವಿಷಯದಲ್ಲೇ ಹೇಗೆ ಮೋಸ ಹೋದೆ ಎಂಬುದು ಈಗಲೂ ನನಗೆ ಸೋಜಿಗ.

ನಮ್ಮವರದು ಮೈಸೂರು. ಅವರ ಮನೆಯಲ್ಲಿ ಆಯುಧಪೂಜೆ ಎಂದರೆ ಮುಖ್ಯವಾಗಿ ಮಾವನವರ ಸ್ಕೂಟರಿನ ಪೂಜೆ. ಕತ್ತಿ, ಕತ್ತರಿ, ಈಳಿಗೆಮಣೆ, ಸುತ್ತಿಗೆ ಎಲ್ಲ ಹಜಾರದಲ್ಲಿ ಒಂದು ಮಣೆಯ ಮೇಲೆ ಒತ್ತೊತ್ತಾಗಿ ಕೂತು ತಮ್ಮ ಪಾಲಿನ ಅರಿಶಿನ ಕುಂಕುಮ ತೆಗೆದುಕೊಂಡು ಸುಮ್ಮನಾಗುತ್ತಿದ್ದವು. ಸ್ಕೂಟರಿಗೆ ಮಾತ್ರ ಹಿಂದಿನ ಸಂಜೆಯಿಂದಲೇ ಉಪಚಾರ. ಮಾವನವರು ಹಳೆಯ ಬನಿಯನ್ನಿನ ತುಂಡನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಎರಡೂ ಟೈರುಗಳಿಗೆ ತಿಕ್ಕುತ್ತಿದ್ದರಂತೆ. ಬದಿಗೆ ಮಾತ್ರವಲ್ಲ, ನೆಲಕ್ಕೆ ತಾಗುವ ಮೈಗೂ. ನೆಲಕ್ಕೆ ಒತ್ತಿಕೊಂಡ ತುಂಡು ಕೂಡ ಉಳಿಯಬಾರದೆಂದು ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ ಅಲ್ಲಿಗೂ ಹಚ್ಚುತ್ತಿದ್ದರಂತೆ. "ದೇವರಿಗೆ ಯಾರಾದ್ರೂ ಅರ್ಧ ಅಲಂಕಾರ ಮಾಡ್ತಾರೇನೋ?" ಎಂದು ಮಗನನ್ನು ಕೇಳುತ್ತಿದ್ದರಂತೆ. ಎಲ್ಲವೂ "ಅಂತೆ", ಏಕೆಂದರೆ ನಾನು ಆ ಮನೆಗೆ ಸೊಸೆಯಾಗಿ ಬರುವ ಮೊದಲೇ ಮಾವನವರು ತೀರಿಕೊಂಡಿದ್ದರು. ನಮ್ಮವರು ಈ ಕಥೆಯನ್ನು ಹೇಳುವಾಗ ಮಾತ್ರ ಅವರ ಮುಖ ಎಷ್ಟು ಮೆತ್ತಗಾಗುತ್ತದೆಂದರೆ, ಕೊಬ್ಬರಿ ಎಣ್ಣೆ ರಬ್ಬರಿಗೆ ಒಳ್ಳೆಯದಲ್ಲ ಎಂದು ಗೊತ್ತಿದ್ದೂ ನಾನು ಬಾಯಿ ಬಿಡುತ್ತಿರಲಿಲ್ಲ.

ಈ ದೇಶಕ್ಕೆ ಬಂದ ಹೊಸದರಲ್ಲಿ ನಾವು ಸಿಡ್ನಿಯಲ್ಲಿದ್ದೆವು. ನಮ್ಮವರ ಆಫೀಸು ಅಲ್ಲಿನ ನಾರ್ವೆಸ್ಟ್ ಎಂಬ ಬಡಾವಣೆಯಲ್ಲಿ. ನಾನು ಕಾರು ಓಡಿಸಲು ಕಲಿತದ್ದು ಅಲ್ಲೇ, ಒಬ್ಬ ಪಂಜಾಬಿ ಅಂಕಲ್ ಹತ್ತಿರ. ಅವರ ಹಿಂದಿ ಬೆಣ್ಣೆ, ನನ್ನ ಹಿಂದಿ ತುಮಕೂರಿನ ಸರ್ಕಾರಿ ಶಾಲೆಯದು. "ಬೇಟಿ, ಬ್ರೇಕ್ ಕೋ ಪ್ಯಾರ್ ಸೇ" ಎಂದು ಅವರು ಹೇಳಿದಷ್ಟೂ ನಾನು ಪ್ರೀತಿ ಮರೆತು ಒತ್ತುತ್ತಿದ್ದೆ, ಅವರ ಪೇಟ ಮುಂದಕ್ಕೆ ಬರುತ್ತಿತ್ತು. ವಾರದ ಕೊನೆಯಲ್ಲಿ ನಾರ್ವೆಸ್ಟ್‌ನ ಆಫೀಸುಗಳೆಲ್ಲ ಮುಚ್ಚಿ ರಸ್ತೆಗಳು ಖಾಲಿ ಬಿದ್ದಿರುತ್ತಿದ್ದವು. ರಸ್ತೆಗಳು ಕೂಡುವಲ್ಲಿನ ವೃತ್ತಗಳನ್ನು, ಇಲ್ಲಿಯವರ ರೌಂಡ್‌ಅಬೌಟುಗಳನ್ನು, ನಾನು ಸುತ್ತಿದ್ದೇ ಸುತ್ತಿದ್ದು. ಮೂರನೆಯ ಸಲಕ್ಕೆ ಟೆಸ್ಟ್ ಪಾಸಾಯಿತು. ಆ ದಿನ ಅಂಕಲ್ಲಿಗೆ ರವೆ ಉಂಡೆ ಕೊಟ್ಟು ನಮಸ್ಕಾರ ಮಾಡಿದೆ. ಅಪ್ಪನ ಸೈಕಲ್ಲಿನ ಹಿಂದೆ, ಅಣ್ಣನ ಲೂನಾದ ಹಿಂದೆ, ಗಂಡನ ಬೈಕಿನ ಹಿಂದೆ ಕೂತೇ ಅಷ್ಟು ವರ್ಷ ಕಳೆದಿದ್ದೆ. ಮುಂದೆ ಕೂತದ್ದು ಅದೇ ಮೊದಲು. ನನಗೆ ಅದು ಬಿ.ಎಸ್ಸಿ. ಪಾಸಾದದ್ದಕ್ಕಿಂತ ಹೆಚ್ಚಿನ ಸಂಭ್ರಮವಾಗಿತ್ತು ಎಂದರೆ ನೀವು ನಗಬಾರದು.

ಆಮೇಲೆ ನಮ್ಮವರಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ ಕ್ರೇಗಿಬರ್ನ್‌ಗೆ ಬಂದೆವು. ಹೊಸ ಬಡಾವಣೆ, ಹೊಸ ಮನೆ, ಮೊಳದೆತ್ತರದ ಗಿಡಗಳು. ಸಿಡ್ನಿಯ ಚಳಿ ನೆಂಟರ ಹಾಗೆ ಬಂದು ಹೋಗುತ್ತಿತ್ತು. ಇಲ್ಲಿಯದು ಬಾಡಿಗೆದಾರರ ಹಾಗೆ ಬೀಡುಬಿಟ್ಟಿತು. ಬೆಳಿಗ್ಗೆ ಎದ್ದರೆ ಬೀದಿಯ ಕಾರುಗಳ ಗಾಜಿನ ಮೇಲೆ ಬಿಳಿಯ ಪದರ. ಮನೆಯಿಂದ ಸ್ವಲ್ಪ ದೂರದ ಇನ್ನೊಂದು ಸಬರ್ಬಿನ ಚೈಲ್ಡ್‌ಕೇರ್ ಒಂದರಲ್ಲಿ ನನಗೆ ಕೆಲಸವಾಯಿತು. ಆಗಿನ್ನೂ ಕ್ಯಾಶುಯಲ್, ಕಾಯಂ ಅಲ್ಲ. ಅಲ್ಲಿನ ಮೇಲ್ವಿಚಾರಕಿ ಹೆಲೆನ್, ಒಳ್ಳೆಯ ಹೆಂಗಸು. ಬಂದ ಕೆಲವೇ ತಿಂಗಳಲ್ಲಿ, ಬೆಳಗಿನ ಬಾಗಿಲು ತೆಗೆಯುವವಳು ವರ್ಷದ ಕೊನೆಗೆ ಕೆಲಸ ಬಿಡುತ್ತಾಳೆ, ಆ ಜಾಗ ಪರ್ಮನೆಂಟ್, ನೀನು ಮಾಡುತ್ತೀಯಾ ಎಂದು ಕೇಳಿದಳು. ಬೆಳಕು ಹರಿಯುವ ಮೊದಲೇ ಹೋಗಿ ಬೀಗ ತೆಗೆದು, ಹೀಟರ್ ಹಾಕಿ, ಮೊದಲ ಮಗು ಬರುವ ಹೊತ್ತಿಗೆ ಸಿದ್ಧವಿರಬೇಕು. ಆ ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ. ಕಾರು ಓಡಿಸಬೇಕು, ಅಷ್ಟೇ. "ಖಂಡಿತ" ಎಂದೆ. ಹೆಲೆನ್ ಸೊಂಟದ ಕೀಲಿ ಗೊಂಚಲನ್ನು ಒಮ್ಮೆ ಕುಣಿಸಿ ತೋರಿಸಿದಳು. ನನಗೆ ಆ ಗೊಂಚಲಿನ ಮೇಲೆ ಆಸೆ ಹುಟ್ಟಿತು. ಒಡವೆಯ ಮೇಲೂ ನನಗೆ ಅಷ್ಟು ಆಸೆ ಹುಟ್ಟಿದ್ದಿಲ್ಲ.

ಅದಕ್ಕೆಂದೇ ಆ ಜುಲೈನಲ್ಲಿ, ಎಂದರೆ ಇಲ್ಲಿನ ನಡುಚಳಿಗಾಲದಲ್ಲಿ, ಒಂದು ಹಳೆಯ ಬಿಳಿ ಸ್ಟೇಷನ್ ವ್ಯಾಗನ್ ತಂದೆವು. ಬಂದ ಶನಿವಾರವೇ ಪೂಜೆ. ನಮ್ಮವರು ಹಿಂದಿನ ಸಂಜೆ ಕಾರು ತೊಳೆದು, ಈ ಮೊದಲೇ ಹೇಳಿದ ಕಪ್ಪು ಡಬ್ಬಿಯನ್ನು ಅಂಗಡಿಯಿಂದ ತಂದು, ಹಳೆಯ ಬನಿಯನ್ ಹುಡುಕಿಕೊಂಡು ಕೂತರು. ನಾಲ್ಕು ಟೈರುಗಳಿಗೂ ಬದಿಗೆ, ಮೈಗೆ, ಗೀರುಗಳೊಳಗೆ. ಮತ್ತೆ ಕಾರನ್ನು ಅರ್ಧ ಸುತ್ತು ಮುಂದಕ್ಕೆ ಸರಿಸಿ ಉಳಿದ ಭಾಗಕ್ಕೆ. ಚಳಿಗೆ ಬೆರಳು ಸೆಟೆದುಕೊಂಡರೂ ಬಿಡಲಿಲ್ಲ. "ಕೊಬ್ಬರಿ ಎಣ್ಣೆಗಿಂತ ಇದು ಎಷ್ಟೋ ಚೆನ್ನಾಗಿದೆ ಶೈಲಾ, ಅಪ್ಪ ನೋಡ್ಬೇಕಿತ್ತು" ಎಂದರು. ನಿಜ ಹೇಳಬೇಕೆಂದರೆ ಆ ಹಳೆಯ ಕಾರು ಟೈರಿನಿಂದಾಗಿ ಹೊಸದರ ಹಾಗೆ ಕಂಡಿತು. ನಾನೂ ಮೆಚ್ಚಿದೆ.

ಬೆಳಿಗ್ಗೆ ಜಿಟಿಜಿಟಿ ಮಳೆ. ಹಿತ್ತಿಲ ಬೇಲಿಯಾಚೆಯವರು ಕೊಟ್ಟ ಕ್ಯಾಮೆಲಿಯಾ ಹೂವುಗಳನ್ನು ಪೋಣಿಸಿ ಹಾರ ಮಾಡಿದ್ದೆ. ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟೆ, ನಿಂತಿತು. ಟೈರಿಗೆ ಇಟ್ಟೆ, ಜಾರಿತು. ಇನ್ನೊಮ್ಮೆ ಗಟ್ಟಿಯಾಗಿ ಕಲಸಿ ಇಟ್ಟೆ, ಅದೂ ಸಣ್ಣ ಗೆರೆಯಾಗಿ ಇಳಿದು ಹೋಯಿತು. ನಾಲ್ಕೂ ಟೈರು ಹಾಗೆಯೇ. ಮನಸ್ಸಿಗೆ ಕಸಿವಿಸಿಯಾಯಿತು. ಮಳೆ ಇರಬೇಕು ಎಂದುಕೊಂಡೆ. ಆಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು. ಇಲ್ಲಿನ ನಿಂಬೆಹಣ್ಣು ಗೊತ್ತಲ್ಲ, ದಪ್ಪ ಸಿಪ್ಪೆಯ ಗುಂಡಣ್ಣ. ಕಾರು ಮುಂದೆ ಹೋದಾಗ ಒಂದು ಒಡೆಯಿತು, ಇನ್ನೊಂದು ಒಡೆಯದೆ ಪುಳಕ್ಕನೆ ಪಕ್ಕಕ್ಕೆ ಚಿಮ್ಮಿ ರಸ್ತೆಯ ತನಕ ಉರುಳಿ ಹೋಯಿತು. ಮಗಳು ಅನಘಾ ಚಪ್ಪಾಳೆ ತಟ್ಟಿದಳು. ಆಗ ಅವಳಿಗೆ ಆರು ವರ್ಷ.

ಮಧ್ಯಾಹ್ನದ ಊಟಕ್ಕೆ ಅದೇ ಬಡಾವಣೆಯ ಸ್ನೇಹಿತರ ಮನೆಗೆ ಹೋಗಬೇಕಿತ್ತು. ಹೊಸ ಕಾರು ನನಗೆಂದು ತಂದದ್ದು, ನಾನೇ ಓಡಿಸಬೇಕೆಂದು ನಮ್ಮವರ ಆಸೆ. ಅವರು ರೇಷ್ಮೆ ಪಂಚೆಯುಟ್ಟು, ಪುಳಿಯೋಗರೆಯ ದೊಡ್ಡ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ನಾನು ಮೆಲ್ಲಗೇ ಹೊರಟೆ. ಬೀದಿಯ ಕೊನೆಯಲ್ಲಿ ಒಂದು ರೌಂಡ್‌ಅಬೌಟ್. ಬ್ರೇಕನ್ನು ಪಂಜಾಬಿ ಅಂಕಲ್ ಹೇಳಿದಷ್ಟೇ ಪ್ರೀತಿಯಿಂದ ಒತ್ತಿದೆ. ಕಾರು ನಿಧಾನವಾಗಲೇ ಇಲ್ಲ. ಸ್ಟೇರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಅವಸರವೇ ಇಲ್ಲದವರಂತೆ ನೇರ ಜಾರಿಕೊಂಡು ಹೋಗಿ, ಸಣ್ಣ ಕಟ್ಟೆ ಹತ್ತಿ, ಕೌನ್ಸಿಲಿನವರು ನೆಟ್ಟಿದ್ದ ಲ್ಯಾವೆಂಡರ್ ಗಿಡಗಳ ನಡುವೆ, ರೌಂಡ್‌ಅಬೌಟಿನ ಪಕ್ಕಾ ಮಧ್ಯದಲ್ಲಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಪುಳಿಯೋಗರೆ ಮಾತ್ರ ನಮ್ಮವರ ಎದೆಯ ಮೇಲೆ, ಪಂಚೆಯ ಮೇಲೆ, ಕನ್ನಡಕದ ಮೇಲೆ. ಹಿಂದಿನಿಂದ ಅನಘಾ ಬಹಳ ಗಂಭೀರವಾಗಿ, "ಅಮ್ಮಾ, ಆರ್ ವಿ ಅಲೌಡ್ ಟು ಪಾರ್ಕ್ ಹಿಯರ್?" ಎಂದು ಕೇಳಿದಳು. ಹೊರಗೆ ಕಾರುಗಳು ಒಂದರ ಹಿಂದೊಂದು ಬರುತ್ತಿದ್ದವು. ಹೂವಿನ ಹಾರ, ಅರಿಶಿನ ಕುಂಕುಮ, ನಡುವೆ ನಾವು. ಎಲ್ಲರೂ ವೇಗ ತಗ್ಗಿಸಿ, ಕತ್ತು ಹೊರಳಿಸಿ ನೋಡುತ್ತ, ನಮ್ಮ ಸುತ್ತ ಪ್ರದಕ್ಷಿಣೆ ಹಾಕಿ ಹೋದರು. ನಾಯಿ ಹಿಡಿದುಕೊಂಡು ಬಂದ ಒಬ್ಬ ಮುದುಕ ಗಾಜಿನ ಹತ್ತಿರ ಬಗ್ಗಿ, "ಯೂ ಆಲ್ ರೈಟ್, ಲವ್?" ಎಂದು ಕೇಳಿ, ಹಾರ ಚೆನ್ನಾಗಿದೆ ಎಂದೂ ಹೇಳಿದ. ನನ್ನ ಕೈಗಳು ಸ್ಟೇರಿಂಗ್ ಬಿಡಲೊಲ್ಲವು. ನಮ್ಮವರೇ ಈ ಕಡೆ ಬಂದು, ಕಾರನ್ನು ಹಿಂದಕ್ಕೆ ತೆಗೆದು, ಊಟಕ್ಕೆ ಓಡಿಸಿಕೊಂಡು ಹೋದರು. ಅವರ ಕೈಯಲ್ಲಿ ಕಾರು ಸ್ವಲ್ಪ ಹೊಯ್ದಾಡಿ, ಒಂದೆರಡು ಬೀದಿ ದಾಟುವಷ್ಟರಲ್ಲಿ ಹಸುವಿನಂತೆ ಹೋಯಿತು. ಮರುದಿನವೂ ಹಾಗೆಯೇ.

ಅಲ್ಲಿಗೆ ತೀರ್ಪಾದಂತೆ. ತಪ್ಪು ಕಾರಿನದಲ್ಲ, ನನ್ನದು. ಊಟಕ್ಕೆ ಕರೆದ ಮನೆಯ ಗಂಡಸರು, "ಬಿಡಿ, ಲೇಡೀಸ್ ಡ್ರೈವಿಂಗ್ ಅಂದ್ರೆ ಹಾಗೇನೇ" ಎಂದು ನಕ್ಕರು. ಮೈಸೂರಿನಿಂದ ಅತ್ತೆ ಫೋನಿನಲ್ಲಿ ಎಲ್ಲವನ್ನೂ ಕೇಳಿ, "ಕುಂಕುಮ ನಿಲ್ಲಲಿಲ್ಲ ಅಂದ್ಯಲ್ಲೇ, ಆಗ್ಲೇ ಹೊರಡಬಾರದಿತ್ತು. ನಿಂಬೆಹಣ್ಣೂ ಒಡೀಲಿಲ್ವಂತೆ. ಸ್ವಲ್ಪ ದಿನ ನೀನು ಆ ಗಾಡಿ ಮುಟ್ಟಬೇಡ ಕಣಮ್ಮಾ" ಎಂದರು. ಅವರು ಹೇಳಿದ್ದು ಪ್ರೀತಿಯಿಂದಲೇ. ನನಗೂ ಬೇಕಾದದ್ದು ಅದೇ ಆಗಿತ್ತು. ಡ್ರೈವರ್ ಸೀಟಿನಲ್ಲಿ ಕೂತರೆ ಅಂಗಾಲು ಬೆವರುತ್ತಿತ್ತು. ಸ್ಟೇರಿಂಗ್ ತಿರುಗಿಸಿದರೂ ತಿರುಗದ ಆ ಗಳಿಗೆ ಮತ್ತೆ ಮತ್ತೆ ಕೈಗೆ ಬರುತ್ತಿತ್ತು. ನಾನು ಕಾರು ಬಿಟ್ಟೆ. ನಮ್ಮವರು ಆಫೀಸಿಗೆ ಹೋಗುವ ಮೊದಲು ನನ್ನನ್ನು ಕೆಲಸಕ್ಕೆ ಬಿಟ್ಟು, ಸ್ಟೇಷನ್ನಿಗೆ ಓಡಿ, ದಿನವೂ ರೈಲು ತಪ್ಪಿಸಿಕೊಳ್ಳತೊಡಗಿದರು. ಹೆಲೆನ್‌ಗೆ ಏನು ಹೇಳುವುದೆಂದು ತಿಳಿಯದೆ ನಾನು ಅವಳ ಕಣ್ಣು ತಪ್ಪಿಸಿ ಓಡಾಡತೊಡಗಿದೆ. ಅಕ್ಟೋಬರ್ ಮುಗಿಯುವುದರೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಅವಳು ಒಮ್ಮೆ ನಿಲ್ಲಿಸಿ ಹೇಳಿದಳು. ಕೀಲಿ ಗೊಂಚಲು ಅವಳ ಸೊಂಟದಲ್ಲಿ ಗಲಗಲ ಎನ್ನುತ್ತಿತ್ತು.

ನಮ್ಮವರು ಒಳ್ಳೆಯವರು. ನನ್ನನ್ನು ಎಂದೂ ಬಯ್ಯಲಿಲ್ಲ. ಅದರ ಬದಲು ಟೈರಿನ ಸಂಶೋಧನೆಗೆ ಇಳಿದರು. ಟೊರಾಂಟೊದಲ್ಲಿರುವ ಅವರ ಚಿಕ್ಕಪ್ಪನ ಮಗನಿಗೆ ಫೋನು ಹೋಯಿತು. ಅವನು, "ಲೋ ಮೋಹನಾ, ವಿಂಟರ್ ಟೈರ್ ಹಾಕಿಲ್ವಾ? ಹುಚ್ಚಾ ನಿಂಗೆ? ಏಳು ಡಿಗ್ರಿಗಿಂತ ಕೆಳಗೆ ಹೋದ್ರೆ ಮಾಮೂಲಿ ರಬ್ಬರ್ ಗಟ್ಟಿ ಆಗ್ಬಿಡತ್ತೆ ಕಣೋ, ಹಿಡಿತಾನೇ ಇರಲ್ಲ" ಎಂದನಂತೆ. ಅಂದಿನಿಂದ ನಮ್ಮ ಗ್ಯಾರೇಜಿನ ಗೋಡೆಗೆ ಒಂದು ಥರ್ಮಾಮೀಟರ್ ಬಂತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು, "ನೋಡು, ಐದು!" ಎಂದು ಗೆದ್ದವರಂತೆ ಕೂಗುತ್ತಿದ್ದರು. ಚಳಿ ಹೆಚ್ಚಿದಷ್ಟೂ ನನ್ನ ತಪ್ಪು ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ. ಅದು ನನಗೆ ಅರ್ಥವಾಗುತ್ತಿತ್ತು, ಅದಕ್ಕೇ ಕೆಲವೊಮ್ಮೆ ಅಳು ಬರುತ್ತಿತ್ತು.

ಒಂದು ಶನಿವಾರ ಟೈರಿನ ಅಂಗಡಿಗೆ ಹೋದೆವು. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಹೊಸ ರಬ್ಬರಿನ ವಾಸನೆ. ಶಾಲೆ ಶುರುವಾಗುವ ಮುನ್ನ ಅಪ್ಪ ತರುತ್ತಿದ್ದ ಹವಾಯಿ ಚಪ್ಪಲಿಯ ವಾಸನೆ ಥೇಟ್ ಅದೇ. ಮೊದಲ ದಿನ ಅದನ್ನು ಹಾಕಿಕೊಂಡು ಬಚ್ಚಲಿಗೆ ಹೋದರೆ ಜಾರುತ್ತಿತ್ತು. ಅಮ್ಮ ಅದರ ಅಡಿಯನ್ನು ಕಲ್ಲಿಗೆ ತಿಕ್ಕಿ ಕೊಡುತ್ತಿದ್ದಳು. ನಾನು ಈ ಯೋಚನೆಯಲ್ಲಿ ವಾಸನೆ ಕುಡಿಯುತ್ತ ನಿಂತಿದ್ದರೆ ನಮ್ಮವರು ಅಂಗಡಿಯವನಿಗೆ ಟೊರಾಂಟೊ ಪಾಠ ಒಪ್ಪಿಸುತ್ತಿದ್ದರು. ಅವನು ತಾಳ್ಮೆಯಿಂದ ಕೇಳಿ, ಆ ಮಾತು ಕೆನಡಾಕ್ಕೆ ಸರಿ, ಅಲ್ಲಿ ತಿಂಗಳುಗಟ್ಟಲೆ ಹಿಮದ ಮೇಲೇ ಓಡಿಸಬೇಕು ಎಂದ. ಇಲ್ಲಿ ಊರೊಳಗೆ ನಮ್ಮ ಶತ್ರು ಮಳೆ. ಗೀರು ಆಳವಾಗಿರುವ, ನೀರನ್ನು ಪಕ್ಕಕ್ಕೆ ತಳ್ಳುವ ಎಲ್ಲ ಕಾಲದ ಟೈರು ಸಾಕು. ಹಿಮದ ಬೆಟ್ಟಕ್ಕೆ ಹೋಗುವುದಾದರೆ ಮಾತ್ರ ಚಕ್ರಕ್ಕೆ ಸುತ್ತುವ ಚೈನು ಒಯ್ಯಲೇಬೇಕು, ಅದು ಬೆಟ್ಟದ ಬುಡದ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಹೀಗೆ ಹೇಳಿ ನಮ್ಮ ಹಳೆಯ ಟೈರಿನ ಗೀರನ್ನು ಬೆರಳಿನಿಂದ ಸವರಿ, ಸವೆದಿದೆ, ಬದಲಿಸಿ ಎಂದ. ಬದಲಿಸಿದೆವು. ಕಾರು ಹೊರಗೆ ತಂದು ಕೊಡುವಾಗ ಅವನೇ ಇನ್ನೊಂದು ಮಾತು ಸೇರಿಸಿದ. ಅಚ್ಚಿನಿಂದ ಸಲೀಸಾಗಿ ಬಿಡಿಸಲು ಕಾರ್ಖಾನೆಯಲ್ಲಿ ಹೊಸ ಟೈರಿಗೆ ಒಂದು ತೆಳ್ಳನೆಯ ಜಿಡ್ಡು ಹಚ್ಚಿರುತ್ತಾರೆ, ಅದು ಸವೆಯುವ ತನಕ ಟೈರು ಜಾರುತ್ತದೆ, ಮೊದಲ ಕೆಲವು ದಿನ ಮೆಲ್ಲಗೆ ಓಡಿಸಿ. ನಮ್ಮವರು ತಲೆಯಾಡಿಸಿದರು. ನಾನೂ ಆಡಿಸಿದೆ. ಇಬ್ಬರ ತಲೆಯೊಳಗೂ ಏನೂ ಅಲುಗಲಿಲ್ಲ.

ಹೊಸ ಟೈರು ಬಂತು, ನನ್ನ ಕಾಲಿನ ಬೆವರು ಹೋಗಲಿಲ್ಲ. ನಮ್ಮವರು, "ಈಗೇನೂ ಆಗಲ್ಲ, ಒಂದ್ಸಲ ಟ್ರೈ ಮಾಡು" ಎಂದಾಗಲೆಲ್ಲ ತಲೆನೋವು, ಬೆನ್ನುನೋವು, ಮಳೆ ಬರುವ ಹಾಗಿದೆ, ಹೀಗೆ ಏನೋ ಒಂದು. ಕೊನೆಗೆ ಅವರೂ ಕೇಳುವುದನ್ನು ಬಿಟ್ಟರು. ಅವರು ಕೇಳುವುದನ್ನು ಬಿಟ್ಟದ್ದು ನನಗೆ ಕಾರು ಜಾರಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಹೀಗೆ ಅಕ್ಟೋಬರ್ ಬಂತು, ಆಯುಧಪೂಜೆಯೂ ಬಂತು. ಇಲ್ಲಿ ಅದಕ್ಕೆ ರಜೆ ಎಲ್ಲಿಂದ ಬರಬೇಕು? ಕೆಲಸದ ದಿನವೇ. ಬೆಳಿಗ್ಗೆ ಬೇಗ ಪೂಜೆ ಮುಗಿಸಿ, ಅದೇ ಕಾರಿನಲ್ಲಿ ಹೊರಡುವುದು. ನಮ್ಮವರು ಹಿಂದಿನ ಸಂಜೆ ಬನಿಯನ್, ಡಬ್ಬಿ ಹಿಡಿದು ಯಥಾಪ್ರಕಾರ ಹೊಸ ಟೈರುಗಳ ಅಭ್ಯಂಜನ ಮುಗಿಸಿದ್ದರು. ನಾನು ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು ಬಂದೆ. ಆಕಾಶ ಶುಭ್ರವಾಗಿತ್ತು, ಒಂದು ಹನಿ ಮಳೆಯಿಲ್ಲ. ಬಾನೆಟ್ಟಿಗೆ ಕುಂಕುಮ ಇಟ್ಟೆ, ನಿಂತಿತು. ಟೈರಿಗೆ ಇಟ್ಟೆ.

ಜಾರಿತು.

ಅತ್ತೆಯ ಮಾತು ನೆನಪಾಯಿತು. ಆದರೆ ಮಳೆ ಇಲ್ಲವಲ್ಲ, ಹಾಗಾದರೆ ಯಾಕೆ ಜಾರಬೇಕು? ಜಾರಿದ ಕುಂಕುಮವನ್ನು ಒರೆಸಲೆಂದು ಟೈರಿನ ಮೈಯನ್ನು ಬೆರಳಿನಿಂದ ತಿಕ್ಕಿದೆ. ಬೆರಳು ಹೆಂಚಿಗೆ ಎಣ್ಣೆ ಸವರಿದ ಹಾಗೆ ಸುಯ್ಯೆಂದು ಹೋಯಿತು. ಮೂಗಿಗೆ ಹಿಡಿದೆ. ಡಬ್ಬಿಯ ವಾಸನೆ. ಅಷ್ಟೂ ಗೀರುಗಳೊಳಗೆ ಅದೇ ಜಿಡ್ಡು. ಗಲ್ಲಿಯ ಕೆಸರು, ಹವಾಯಿ ಚಪ್ಪಲಿ, ಅಂಗಡಿಯವನ ಮಾತು ಎಲ್ಲ ಒಟ್ಟಿಗೆ ಬಂದು ನನ್ನ ಮುಂದೆ ನಿಂತವು.

ಆದರೂ ಅನುಮಾನ ಬೇಡವೆಂದು ಕಾರಿನ ಹಿಂಬಾಗಿಲು ತೆಗೆದು, ನೆಲದ ಹಾಸು ಎತ್ತಿ, ಒಳಗಿದ್ದ ಸ್ಪೇರ್ ಟೈರಿಗೆ ಕುಂಕುಮ ಇಟ್ಟೆ. ಅದಕ್ಕೆ ಯಾರೂ ಪಾಲಿಶ್ ಹಚ್ಚಿರಲಿಲ್ಲ. ಕುಂಕುಮ ಮದುವಣಗಿತ್ತಿಯ ಹಣೆಯಲ್ಲಿ ನಿಂತ ಹಾಗೆ ನಿಂತಿತು.

"ರೀ, ಬನ್ನಿ ಇಲ್ಲಿ" ಎಂದೆ. ಗಂಟೆ ಹಿಡಿದುಕೊಂಡು ಬಂದರು.

"ಇದನ್ನ ನೋಡಿ. ಈಗ ಅದನ್ನ ನೋಡಿ."

ನೋಡಿದರು. ಅರ್ಥವಾಗಲಿಲ್ಲ. ಅವರ ಬೆರಳು ಹಿಡಿದು ಟೈರಿನ ಮೇಲೆ ಎಳೆದೆ. "ಕುಂಕುಮಾನೇ ನಿಲ್ತಿಲ್ಲ. ಒದ್ದೆ ರೋಡಲ್ಲಿ ಕಾರು ನಿಲ್ಲತ್ತಾ?"

ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು. ಆಮೇಲೆ ಮೆಲ್ಲಗೆ, "ಅಪ್ಪ ಯಾವಾಗಲೂ ಹೀಗೇ ಮಾಡ್ತಿದ್ರಲ್ಲ, ಒಂದು ಸಲಾನೂ ಬೀಳ್ಲಿಲ್ಲ" ಎಂದರು.

ಮೈಸೂರಿಗೆ ಫೋನು ಮಾಡಿದೆವು. ಅಲ್ಲಿ ಇನ್ನೂ ನಡುರಾತ್ರಿ, ಅತ್ತೆ ಗಾಬರಿಯಿಂದ ಎದ್ದು ಫೋನು ಎತ್ತಿದರು. ಮಗನ ಪ್ರಶ್ನೆ ಕೇಳಿ ಅವರಿಗೆ ನಗುವೇ ಬಂತು. "ಎಣ್ಣೆ ಹಚ್ಚಿದ ಗಾಡೀನ ಯಾರಾದ್ರೂ ಓಡಿಸ್ತಾರೇನೋ ಮೋಹನಾ? ಆಯುಧಪೂಜೆ ದಿನ ಆಯುಧಕ್ಕೆ ರಜಾ ಕಣೋ. ಸ್ಕೂಟರ್ ನಿಂತ ಜಾಗದಿಂದ ಅಲ್ಲಾಡ್ತಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಎದ್ದು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದ ಮೇಲೇನೇ ನಿಮ್ಮಪ್ಪ ಗಾಡಿ ತೆಗೀತಿದ್ದಿದ್ದು. ನೀನು ಎಲ್ಲಿ ನೋಡಿರ್ತೀಯಾ? ವಿಜಯದಶಮಿ ದಿನ ನೀನು ಏಳ್ತಿದ್ದಿದ್ದೇ ಬನ್ನಿ ಕೊಡೋ ಹೊತ್ತಿಗೆ."

ಫೋನಿಟ್ಟ ಮೇಲೆ ಅವರ ಮುಖ ನೋಡಿ ಪಾಪ ಅನ್ನಿಸಿತು. ಅಪ್ಪನಿಂದ ಪಡೆದದ್ದೆಂದು ಅಷ್ಟು ಜತನದಿಂದ ಕಾಪಾಡಿಕೊಂಡು ಬಂದದ್ದರಲ್ಲಿ ಅರ್ಧವನ್ನು ನಿದ್ದೆಯಲ್ಲಿ ಕಳೆದುಕೊಂಡಿದ್ದರು. ಆದರೆ ಪಾಪಕ್ಕಿಂತ ಹೆಚ್ಚಾಗಿ ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ನಾನು ಮುಚ್ಚಿಡಲಿಲ್ಲ. ಊಟದ ಮನೆಯವರ ನಗು, ಕದ್ದು ಓಡಾಡಿದ ದಿನಗಳು, ಇಲ್ಲದ ತಲೆನೋವು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ಅಷ್ಟು ದಿನ ನನಗೆ ಓಡಿಸೋಕೇ ಬರಲ್ಲ ಅಂದ್ಕೊಂಡಿದ್ದೆ ರೀ" ಎಂದೆ. ಅವರು, "ನಾನೂ ಹಾಗೇ ಅಂದ್ಕೊಂಡಿದ್ದೆ ಶೈಲಾ. ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟೇ. ತಪ್ಪಾಯ್ತು" ಎಂದರು. ನಮ್ಮವರು ಆ ಪದವನ್ನು ಹೇಳಿದ್ದು ನಾನು ಕೇಳಿದ್ದು ಅಪರೂಪ.

ತುಮಕೂರಿನಿಂದ ಅಮ್ಮ ನನ್ನ ತಲೆಗೆಂದು ಕಳಿಸಿದ್ದ ಸೀಗೆಪುಡಿಯ ಪೊಟ್ಟಣ ಬಚ್ಚಲಲ್ಲಿತ್ತು. ಅದನ್ನೂ ಪಾತ್ರೆ ತೊಳೆಯುವ ಸೋಪನ್ನೂ ಬಕೆಟ್ಟಿಗೆ ಸುರಿದು, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಅಮ್ಮ ನೋಡಿದ್ದರೆ ಏನು ಹೇಳುತ್ತಿದ್ದಳೆಂದು ನಿಮಗೆ ಗೊತ್ತು. ನಮ್ಮವರು ಆ ಕಡೆಯ ಚಕ್ರಗಳಿಗೆ ಕೂತರು. ಅರ್ಧ ತೊಳೆದ ಮೇಲೆ ನಾನೇ, "ಅರ್ಧ ಸುತ್ತು ಮುಂದೆ ತಳ್ಳಿ" ಎಂದೆ. ಮಿಂಚೆಲ್ಲ ಹೋಗಿ 'ನಾನು ಬರೀ ಟೈರು' ಎನ್ನುವಂಥ ಮಂಕು ಕಪ್ಪು ಉಳಿಯಿತು. ಒರೆಸಿ ಕುಂಕುಮ ಇಟ್ಟೆ. ನಿಂತಿತು. ನಿಂಬೆಹಣ್ಣುಗಳನ್ನು ಇಟ್ಟು ಕಾರು ಹತ್ತಿದವಳು ನಾನು. ಅಂಗಾಲು ಬೆವರುತ್ತಲೇ ಇತ್ತು, ಅದೇನೂ ಸೀಗೆಪುಡಿಯಲ್ಲಿ ಹೋಗುವಂಥದ್ದಲ್ಲ. ಎಲ್ಲ ನಿಂಬೆಹಣ್ಣುಗಳೂ ಪಟಪಟನೆ ಒಡೆದವು. ಅನಘಾ, "ನೋ ಫನ್" ಎಂದಳು.

ಬೀದಿಯ ಕೊನೆಯ ರೌಂಡ್‌ಅಬೌಟಿನಲ್ಲಿ ನಾನು ಮುರಿದಿದ್ದ ಲ್ಯಾವೆಂಡರ್ ಚಿಗುರಿಕೊಂಡು ಹೂ ಬಿಡುವುದರಲ್ಲಿತ್ತು. ಬ್ರೇಕ್ ಒತ್ತಿದೆ, ಕಾರು ನಿಧಾನವಾಯಿತು. ತಿರುಗಿಸಿದೆ, ತಿರುಗಿತು. ನಂಬಿಕೆ ಸಾಲದೆ ಇನ್ನೊಂದು ಸುತ್ತು ಬಂದೆ, ಮತ್ತೆ ಇನ್ನೊಂದು. ಪಕ್ಕದಲ್ಲಿದ್ದ ನಮ್ಮವರು ಅವರ ರೈಲಿನ ವಿಷಯ ಎತ್ತಲಿಲ್ಲ. ಅಲ್ಲಿಂದ ನೇರ ಚೈಲ್ಡ್‌ಕೇರಿಗೆ ಹೋಗಿ, ಒದ್ದೆ ಸೆರಗಿನಲ್ಲೇ ಹೆಲೆನ್‌ ಮುಂದೆ ನಿಂತು, ಬೆಳಗಿನ ಬಾಗಿಲು ನಾನು ತೆಗೆಯುತ್ತೇನೆ ಎಂದೆ. ಅವಳು ನನ್ನ ಸೀರೆಯನ್ನೂ ಕೈಯ ಕಪ್ಪನ್ನೂ ನೋಡಿ, ಏನೂ ಕೇಳದೆ ನಕ್ಕಳು. ವರ್ಷದ ಕೊನೆಗೆ ಗೊಂಚಲು ನನ್ನ ಸೊಂಟಕ್ಕೆ ಬಂತು.

ಮುಂದಿನ ಜುಲೈನಲ್ಲಿ ಅನಘಾಳಿಗೆ ಹಿಮ ತೋರಿಸಲು ಮೌಂಟ್ ಬುಲ್ಲರ್‌ಗೆ ಹೊರಟೆವು. ಹೊರಡುವ ಮುಂಚೆ ಟೈರಿನ ಗೀರುಗಳಲ್ಲಿ ಸಿಕ್ಕಿದ್ದ ಸಣ್ಣ ಕಲ್ಲುಗಳನ್ನು ಕಡ್ಡಿಯಿಂದ ಕೆರೆದು ತೆಗೆದೆ, ಗಾಳಿ ನೋಡಿದೆ, ತೊಳೆದೆ, ಕುಂಕುಮ ಇಟ್ಟೆ. ನಮ್ಮವರು ದೂರ ನಿಂತು ನೋಡಿದರು, ಡಬ್ಬಿಯ ಕಡೆ ಕಣ್ಣೆತ್ತಲಿಲ್ಲ. ಬೆಟ್ಟದ ಬುಡದಲ್ಲಿ ಚೈನು ಬಾಡಿಗೆಗೆ ತೆಗೆದುಕೊಂಡೆವು. ಮೇಲೆ ಹತ್ತುತ್ತ ಹೋದಂತೆ ಮರಗಳ ಬುಡ ಬೆಳ್ಳಗಾಯಿತು, ಆಮೇಲೆ ರಸ್ತೆಯ ಅಂಚು, ಆಮೇಲೆ ರಸ್ತೆ. ಚೈನು ಹಾಕಿ ಎಂದು ಬೋರ್ಡು ಇದ್ದ ಕಡೆ ಪಕ್ಕಕ್ಕೆ ನಿಲ್ಲಿಸಿದೆ. ಮುಂದಿನ ಏರು, ಆ ತಿರುವು, ಅದರಾಚೆಯ ಪ್ರಪಾತ ನೋಡಿ ನಮ್ಮವರು ಸೀಟ್‌ಬೆಲ್ಟ್ ಬಿಚ್ಚಿದರು.

"ಇಲ್ಲಿಂದ ಮೇಲೆ ನಾನು ಓಡಿಸ್ಲಾ?" ಎಂದರು.

"ನೀವು ಚೈನು ಹಾಕಿ" ಎಂದೆ.

ಕೈಗವಸು ಹಾಕಿಕೊಂಡು ಇಳಿದರು. ನಾನು ಹೀಟರಿನ ಮುಂದೆ ಬೆಚ್ಚಗೆ ಕೂತು ಕನ್ನಡಿಯಲ್ಲಿ ನೋಡುತ್ತಿದ್ದೆ. ಹಿಮದಲ್ಲಿ ಮಂಡಿಯೂರಿ ಚಕ್ರಕ್ಕೆ ಚೈನು ಸುತ್ತುತ್ತಿದ್ದವರು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದರು, ಕೈಗವಸು ಕಳಚಿ ಟೈರಿನ ಬದಿಯಲ್ಲಿ ಉಬ್ಬಿದ ಕಂಪನಿ ಹೆಸರಿನ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಎದ್ದು ಬಂದು ನನ್ನ ಗಾಜು ತಟ್ಟಿದರು. ಇಳಿಸಿದೆ.

"ಶೈಲಾ, ಅಕ್ಷರದ ಸಂದೀಲಿ ಕುಂಕುಮ ಇನ್ನೂ ಹಾಗೇ ಇದೆ."

"ಇರತ್ತೆ ರೀ" ಎಂದೆ. "ಹತ್ತಿ, ಹೋಗೋಣ."